ಎಸಿ ರೂಮಿನ ಬೂಷ್ಟು: ಸ್ಪ್ರೇ ಹುಡುಕುವ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ

ಪ್ರಶ್ನೆ: ನಾವು ಮಂಗಳೂರಿನಲ್ಲಿ ಫ್ಲ್ಯಾಟ್ ಒಂದರಲ್ಲಿ ಇದ್ದೇವೆ. ಬೆಡ್‌ರೂಮ್ 10 ಅಡಿಗೆ 11 ಅಡಿ ಇದೆ. ಒಂದೂವರೆ ಟನ್‌ನ ಸ್ಪ್ಲಿಟ್ ಎಸಿ. ರಾತ್ರಿ 18ಕ್ಕೋ 20ಕ್ಕೋ ಇಟ್ಟು ಮಲಗುತ್ತೇವೆ. ಈ ಮಳೆಗಾಲದಲ್ಲಿ ಎಸಿ ಆನ್ ಮಾಡಿದ ಕೂಡಲೇ ಮುಗ್ಗಲು ವಾಸನೆ ಬರುತ್ತದೆ. ಗಾಳಿ ಬರುವ ಪಟ್ಟಿಗಳ ಮೇಲೆ ಕಪ್ಪು ಚುಕ್ಕೆಗಳಾಗಿವೆ. ವಿಚಿತ್ರ ಅಂದರೆ, ಎಸಿಯೇ ಇಲ್ಲದ ಪಕ್ಕದ ರೂಮಿನಲ್ಲೂ ಕಪಾಟಿನ ಹಿಂದಿನ ಗೋಡೆ ತುಂಬ ಬೂಷ್ಟು ಹಿಡಿದಿದೆ. ಅಲ್ಲಿ ಅತ್ತೆ ಮಲಗುತ್ತಾರೆ. ಅವರಿಗೆ ಮೊದಲಿಂದಲೂ ಅಸ್ತಮಾ, ಈಗ ಜಾಸ್ತಿಯಾಗಿದೆ. ಆರು ವರ್ಷದ ಮಗನಿಗೆ ರಾತ್ರಿಯಿಡೀ ಕೆಮ್ಮು. ಏಪ್ರಿಲ್‌ನಲ್ಲಿ ಎಸಿ ಸರ್ವಿಸ್ ಮಾಡಿಸಿದ್ದೆವು. ಪಕ್ಕದ ಮನೆಯವರು ಇದು ಬ್ಲಾಕ್ ಫಂಗಸ್ ಎನ್ನುತ್ತಾರೆ. ಎಸಿ ತೆಗೆಸಿಬಿಡಬೇಕಾ? ಯಾವ ಸ್ಪ್ರೇ ಹೊಡೆಯಬೇಕು?

ಉತ್ತರ: ಮೊದಲು ಆ ಭಯವನ್ನು ಕಳೆದುಬಿಡೋಣ. ನಿಮ್ಮ ಗೋಡೆಯ ಮೇಲಿರುವುದು 2021ರಲ್ಲಿ ನಾವೆಲ್ಲ ಕೇಳಿ ನಡುಗಿದ ಬ್ಲಾಕ್ ಫಂಗಸ್ ಅಲ್ಲ. ಆ ಕಾಯಿಲೆಯ ಹೆಸರು ಮ್ಯೂಕರ್‌ಮೈಕೋಸಿಸ್. ಅದರಲ್ಲಿ ಕಪ್ಪಾಗುವುದು ಫಂಗಸ್ ಅಲ್ಲ. ರಕ್ತ ಸಂಚಾರ ನಿಂತು ಸತ್ತುಹೋದ ನಮ್ಮ ದೇಹದ ಭಾಗವೇ ಕಪ್ಪಾಗುತ್ತದೆ. ಕೋವಿಡ್ ಎರಡನೇ ಅಲೆಯಲ್ಲಿ ಅದು ಹೆಚ್ಚಾಗಿ ಕಾಡಿದ್ದು ಶುಗರ್ ಹತೋಟಿಯಲ್ಲಿ ಇಲ್ಲದವರನ್ನು ಮತ್ತು ಸ್ಟೀರಾಯ್ಡ್ ಜಾಸ್ತಿ ತೆಗೆದುಕೊಂಡವರನ್ನು. ಆಗ ಈರುಳ್ಳಿ ಸಿಪ್ಪೆಯ ಕಪ್ಪು ಪುಡಿಯಿಂದ, ಫ್ರಿಜ್ ಬಾಗಿಲಿನ ರಬ್ಬರ್‌ನಿಂದ ಬ್ಲಾಕ್ ಫಂಗಸ್ ಬರುತ್ತದೆ ಅಂತ ಒಂದು ಮೆಸೇಜ್ ಊರೆಲ್ಲ ಓಡಾಡಿತ್ತು. ಅದು ಸುಳ್ಳು. ಈರುಳ್ಳಿ ಮೇಲಿನದು ಬೇರೆಯದೇ ಬೂಷ್ಟು. ಮನೆ ಗೋಡೆಯ ಮೇಲೆ, ಎಸಿ ಒಳಗೆ ಸಾಮಾನ್ಯವಾಗಿ ಬೆಳೆಯುವುದು ಕ್ಲಾಡೋಸ್ಪೋರಿಯಂ, ಪೆನಿಸಿಲಿಯಂ, ಆಸ್ಪರ್ಜಿಲಸ್ ಎಂಬ ಜಾತಿಗಳು. ಕಪ್ಪು, ಹಸಿರು, ಬೂದು, ಯಾವ ಬಣ್ಣ ಇದ್ದರೂ ಬಣ್ಣ ನೋಡಿ ಅಪಾಯ ಅಳೆಯಲು ಆಗುವುದಿಲ್ಲ.

ಹಾಗಂತ ಇದನ್ನು ಸುಮ್ನೆ ಬಿಡುವಂತೆಯೂ ಇಲ್ಲ. ಮನೆಯಲ್ಲಿ ಒಂದು ಮಗು ಇದೆ, ಅಸ್ತಮಾ ಇರುವ ಹಿರಿಯರಿದ್ದಾರೆ. ತೇವ ಮತ್ತು ಬೂಷ್ಟು ಇರುವ ಮನೆಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅಂಥ ಮನೆಗಳಲ್ಲಿ ಕೆಮ್ಮು, ಗುರ್‌ಗುರ್ ಉಸಿರು, ಅಸ್ತಮಾ ಕೆರಳುವುದು, ಉಸಿರಾಟದ ಸೋಂಕು ಜಾಸ್ತಿ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಬೂಷ್ಟು ಇಂತಿಷ್ಟಕ್ಕಿಂತ ಹೆಚ್ಚಾದರೆ ಅಪಾಯ ಎಂಬ ಅಳತೆಯನ್ನು ಅದು ಕೊಡಲಿಲ್ಲ. ತೇವವನ್ನೇ ತಡೆಯಿರಿ ಎಂದಿತು. ನಿಮಗೂ ನಾನು ಅದನ್ನೇ ಹೇಳುತ್ತೇನೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಡೆ ಇರುತ್ತವೆ, ಅವನ್ನು ಪೂರ್ತಿ ತೆಗೆಯಲು ಯಾರಿಂದಲೂ ಆಗುವುದಿಲ್ಲ. ಬೂಷ್ಟು ತಿನ್ನುವ ಧೂಳು, ಬಣ್ಣ, ಮರ ಮನೆ ತುಂಬ ಇದೆ. ನಮ್ಮ ಕೈಯಲ್ಲಿರುವುದು ನೀರು ಒಂದೇ.

ಹಾಗಾದರೆ ಎಸಿ ರೂಮಿನಲ್ಲಿ ನೀರು ಎಲ್ಲಿಂದ ಬಂತು? ಎಸಿ ಗಾಳಿಯನ್ನು ಒಣಗಿಸಬೇಕಲ್ವಾ? ಒಣಗಿಸುತ್ತದೆ, ನಿಜ. ಇಂಡೋರ್ ಯುನಿಟ್ ಒಳಗಿನ ಕಾಯಿಲ್ ತುಂಬ ತಣ್ಣಗಿರುತ್ತದೆ. ಮಳೆಗಾಲದಲ್ಲಿ ಫ್ರಿಜ್‌ನಿಂದ ತೆಗೆದಿಟ್ಟ ಸ್ಟೀಲ್ ಚೊಂಬು ಬೆವರುತ್ತದಲ್ಲ, ಹಾಗೆಯೇ ಕಾಯಿಲ್ ಮೇಲೆ ನೀರು ಕೂರುತ್ತದೆ. ಆ ನೀರು ಕೆಳಗಿನ ಡ್ರೈನ್ ಟ್ರೇಗೆ ಬಿದ್ದು ಪೈಪ್ ಮೂಲಕ ಹೊರಗೆ ಹೋಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಒಂದೂವರೆ ಟನ್‌ನ ಎಸಿ ಚೆನ್ನಾಗಿ ಓಡಿದರೆ ಗಂಟೆಗೆ ಒಂದು ಲೀಟರ್‌ಗೂ ಹೆಚ್ಚು ನೀರು ತೆಗೆಯಬಲ್ಲದು. ಅಂದರೆ ನಿಮ್ಮ ತಲೆ ಮೇಲೆ ರಾತ್ರಿಯಿಡೀ ಒದ್ದೆಯಾಗಿರುವ, ಕತ್ತಲಾಗಿರುವ, ಧೂಳು ಕೂರುವ ಒಂದು ಪೆಟ್ಟಿಗೆ ಇದೆ. ಬೆಳಿಗ್ಗೆ ರಿಮೋಟ್‌ನಲ್ಲಿ ಆಫ್ ಒತ್ತಿದಾಗ ಕಾಯಿಲ್ ಮೇಲಿನ ನೀರು ಅಲ್ಲೇ ಉಳಿಯುತ್ತದೆ. ಇಡೀ ಹಗಲು ಬೆಚ್ಚಗೆ, ಒದ್ದೆಯಾಗಿ ಇರುತ್ತದೆ. ಸಂಜೆ ಆನ್ ಮಾಡಿದಾಗ ಬರುವ ಮುಗ್ಗಲು ವಾಸನೆ ಅಲ್ಲಿಂದಲೇ.

ಏಪ್ರಿಲ್‌ನಲ್ಲಿ ಸರ್ವಿಸ್ ಆಗಿದೆ ಎನ್ನುತ್ತೀರಿ. ಆ ದಿನ ಏನೇನು ತೊಳೆದರು ಎಂದು ನೆನಪು ಮಾಡಿಕೊಳ್ಳಿ. ಬಹಳ ಕಡೆ ಸರ್ವಿಸ್ ಅಂದರೆ ಫಿಲ್ಟರ್ ತೊಳೆಯುವುದು, ಕಾಯಿಲ್ ಮುಂಭಾಗಕ್ಕೆ ನೀರು ಹೊಡೆಯುವುದು, ಗ್ಯಾಸ್ ನೋಡುವುದು, ಅಷ್ಟೇ. ಫಿಲ್ಟರ್ ಒಂದು ಜಾಲರಿ. ನೂಲು, ದಪ್ಪ ಧೂಳು ಹಿಡಿಯುತ್ತದೆ. ಬೂಷ್ಟಿನ ಕಣಗಳು ಅದರಲ್ಲಿ ಆರಾಮವಾಗಿ ದಾಟಿ ಹೋಗುತ್ತವೆ. ನಿಜವಾದ ಕೊಳೆ ಇರುವುದು ಬ್ಲೋವರ್‌ನಲ್ಲಿ, ಅಂದರೆ ಕಾಯಿಲ್ ಹಿಂದೆ ಉದ್ದಕ್ಕೆ ಸಿಲಿಂಡರ್ ಥರ ಇರುವ ಫ್ಯಾನ್‌ನಲ್ಲಿ. ಎಸಿ ಆಫ್ ಮಾಡಿ, ಪ್ಲಗ್ ತೆಗೆದು ಅಥವಾ ಎಂಸಿಬಿ ಇಳಿಸಿ, ಗಾಳಿ ಬರುವ ಪಟ್ಟಿ ತೆರೆದು ಒಳಗೆ ಟಾರ್ಚ್ ಬಿಟ್ಟು ನೋಡಿ. ಬ್ಲೋವರ್‌ನ ಎಲೆಗಳ ಮೇಲೆ ಕಪ್ಪಗೆ ಪದರ ಕಟ್ಟಿದ್ದರೆ, ಆ ಪದರ ದಾಟಿ ಬಂದ ಗಾಳಿಯನ್ನೇ ನಿಮ್ಮ ಮಗ ಉಸಿರಾಡುತ್ತಿದ್ದಾನೆ.

ಆದ್ದರಿಂದ ಸರ್ವಿಸ್‌ನವರಿಗೆ ಫೋನ್ ಮಾಡುವಾಗ ಬರೀ ಸರ್ವಿಸ್ ಎನ್ನಬೇಡಿ. ಜೆಟ್ ಪಂಪ್‌ನಲ್ಲಿ ತೊಳೆಯಬೇಕು, ಬ್ಲೋವರ್ ಬಿಚ್ಚಿ ತೊಳೆಯಬೇಕು, ಡ್ರೈನ್ ಟ್ರೇ ಮತ್ತು ಪೈಪ್ ಕ್ಲೀನ್ ಆಗಬೇಕು ಎಂದು ಬಿಡಿಸಿ ಹೇಳಿ. ಕೆಲಸ ಮುಗಿದ ಮೇಲೆ ಟ್ರೇಗೆ ಒಂದು ಮಗ್ ನೀರು ಹಾಕಿಸಿ, ಅದು ಹೊರಗೆ ಸಲೀಸಾಗಿ ಹೋಗುತ್ತದಾ ಎಂದು ನೀವೇ ನಿಂತು ನೋಡಿ. ಯುನಿಟ್ ಸ್ವಲ್ಪ ಉಲ್ಟಾ ವಾಲಿದ್ದರೆ ಟ್ರೇಯಲ್ಲಿ ನೀರು ನಿಂತು ಲೋಳೆ ಕಟ್ಟುತ್ತದೆ. ಪೈಪ್ ಮಧ್ಯದಲ್ಲಿ ಜೋತುಬಿದ್ದಿದ್ದರೂ ಅಷ್ಟೇ. ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ, ಏಪ್ರಿಲ್ ಸರ್ವಿಸ್ ಒಂದೇ ಸಾಲದು. ಮಳೆಗಾಲದ ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಬ್ಲೋವರ್ ನೋಡಿಸಿ. ಫಿಲ್ಟರ್ ಎರಡು ವಾರಕ್ಕೊಮ್ಮೆ ನೀವೇ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಸರ್ವಿಸ್ ನಡೆಯುವಾಗ ಮಗ ಮತ್ತು ಅತ್ತೆ ಆ ರೂಮಿನ ಹತ್ತಿರವೂ ಇರಬಾರದು.

ಈಗ ಪಕ್ಕದ ರೂಮಿನ ಗೋಡೆಗೆ ಬರೋಣ. ನೀವು ವಿಚಿತ್ರ ಎಂದಿರಿ. ನಿಮ್ಮ ಪತ್ರದಲ್ಲಿ ಅತ್ಯಂತ ಮುಖ್ಯವಾದ ಸುಳಿವು ಅದೇ. ಜುಲೈನಲ್ಲಿ ನಿಮ್ಮ ಮನೆಯ ಗಾಳಿ 28 ಡಿಗ್ರಿ ಇದ್ದು, ತೇವಾಂಶ ಶೇಕಡ 85 ಇದೆ ಎಂದುಕೊಳ್ಳಿ. ಮಂಗಳೂರಿಗೆ ಇದೇನೂ ಹೆಚ್ಚಲ್ಲ. ಅಂಥ ಗಾಳಿ ಸುಮಾರು 25 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ನೀರು ಬಿಡುತ್ತದೆ. ನೀವು ಬೆಡ್‌ರೂಮನ್ನು ರಾತ್ರಿಯಿಡೀ 18ಕ್ಕೆ ಇಟ್ಟಾಗ ನಡುವಿನ ಗೋಡೆಯೂ ತಣ್ಣಗಾಗುತ್ತದೆ. ಅದರ ಇನ್ನೊಂದು ಬದಿ ಅತ್ತೆಯ ರೂಮು. ಅಲ್ಲಿನ ಒದ್ದೆ ಗಾಳಿ ಆ ತಣ್ಣನೆ ಗೋಡೆಗೆ ತಾಗುತ್ತದೆ. ಕಪಾಟನ್ನು ಗೋಡೆಗೆ ಒತ್ತಿ ಇಟ್ಟಿದ್ದರಿಂದ ಅದರ ಹಿಂದೆ ಗಾಳಿ ಆಡುವುದಿಲ್ಲ. ಆ ಜಾಗ ಇನ್ನೂ ತಣ್ಣಗಾಗುತ್ತದೆ. ಕಣ್ಣಿಗೆ ಕಾಣುವಂತೆ ನೀರು ಇಳಿಯಬೇಕು ಅಂತೇನೂ ಇಲ್ಲ. ಗೋಡೆಯ ಮೈಮೇಲೆ ತೇವಾಂಶ ಶೇಕಡ 80ರ ಮೇಲೆ ಕೆಲವು ದಿನ ನಿಂತರೆ ಸಾಕು, ಬೂಷ್ಟು ಹಿಡಿಯುತ್ತದೆ. ಹೀಗೆ ಎಸಿ ಇರುವುದು ನಿಮ್ಮ ರೂಮಿನಲ್ಲಿ, ಬೂಷ್ಟು ಬೆಳೆಯುವುದು ಅತ್ತೆಯ ತಲೆಯ ಹತ್ತಿರ. ಮಳೆನೀರು ಸೋರುತ್ತಿದೆ ಅಂತ ಹೊರಗಿನ ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿಸಲು ಹೊರಟಿದ್ದರೆ, ಮೊದಲು ಇದನ್ನು ನೋಡಿ. ಬೂಷ್ಟು ನಡುಗೋಡೆಯಲ್ಲಿ ಮಾತ್ರ ಇದ್ದು, ಹೊರಗೋಡೆ ಒಣಗಿದ್ದರೆ ಸೋರಿಕೆಯ ಸಂಶಯ ಕಡಿಮೆ. ಆ ಗೋಡೆಯೊಳಗೆ ನೀರಿನ ಪೈಪೋ ಎಸಿಯ ಡ್ರೈನ್ ಪೈಪೋ ಹಾದುಹೋಗಿದೆಯಾ ಎಂದೂ ಒಮ್ಮೆ ಪರೀಕ್ಷಿಸಿ.

ಇದೇ ಕಾರಣಕ್ಕೆ ನಾನು 18 ಡಿಗ್ರಿಯ ವಿರುದ್ಧ ಇದ್ದೇನೆ. ಕರೆಂಟ್ ಬಿಲ್‌ಗಾಗಿ ಅಲ್ಲ, ಗೋಡೆಗಾಗಿ ಮತ್ತು ಶ್ವಾಸಕೋಶಕ್ಕಾಗಿ. 2020ರ ಜನವರಿ 1ರಿಂದ ನಮ್ಮ ದೇಶದಲ್ಲಿ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು 24 ಡಿಗ್ರಿಗೆ ಸೆಟ್ ಆಗಿಯೇ ಬರಬೇಕು ಎಂಬ ನಿಯಮ ಇದೆ. ಅದು ವಿದ್ಯುತ್ ಉಳಿತಾಯಕ್ಕೆ ಮಾಡಿದ ನಿಯಮ. ಕರಾವಳಿಯ ಮನೆಗಳಿಗೆ ಅದರಿಂದ ಬೇರೆ ಲಾಭವೂ ಇದೆ. 25–26ಕ್ಕೆ ಇಟ್ಟು, ಸೀಲಿಂಗ್ ಫ್ಯಾನ್ ಮೆಲ್ಲಗೆ ಹಾಕಿಕೊಳ್ಳಿ. ಗೋಡೆ ಅಷ್ಟು ತಣ್ಣಗಾಗುವುದಿಲ್ಲ, ಮೈಗೆ ಹಿತವಾಗಿಯೂ ಇರುತ್ತದೆ.

ಎಸಿಯ ಗಾತ್ರದ ಬಗ್ಗೆಯೂ ಒಂದು ಮಾತು. 110 ಚದರಡಿಯ ರೂಮಿಗೆ, ಮೇಲೆ ಬಿಸಿಲಿನ ತಾರಸಿ ಇಲ್ಲದಿದ್ದರೆ, ಒಂದು ಟನ್ ಸಾಕು. ದೊಡ್ಡದಿದ್ದರೆ ಒಳ್ಳೆಯದು ಅಂತ ಅಂಗಡಿಯಲ್ಲಿ ಹೇಳಿರಬಹುದು. ದೊಡ್ಡ ಎಸಿ ರೂಮನ್ನು ಬೇಗ ತಣ್ಣಗೆ ಮಾಡಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ಆದರೆ ಗಾಳಿಯಿಂದ ನೀರು ತೆಗೆಯಲು ಅದು ಹೆಚ್ಚು ಹೊತ್ತು ಓಡಬೇಕು. ಕಂಪ್ರೆಸರ್ ನಿಂತು ಬ್ಲೋವರ್ ತಿರುಗುತ್ತಲೇ ಇದ್ದರೆ ಕಾಯಿಲ್ ಮೇಲಿನ ನೀರು ಮತ್ತೆ ರೂಮಿಗೇ ಬರುತ್ತದೆ. ತಣ್ಣಗಿದ್ದರೂ ಹಾಸಿಗೆ ಹಸಿ ಹಸಿ ಎನಿಸುತ್ತದಲ್ಲ, ಅದಕ್ಕೆ ಇದೇ ಕಾರಣ. ಈಗ ಎಸಿ ಬದಲಿಸಿ ಎಂದು ಹೇಳುತ್ತಿಲ್ಲ. ರಿಮೋಟ್‌ನಲ್ಲಿ ಡ್ರೈ ಮೋಡ್ ಇರುತ್ತದೆ, ನೀರಿನ ಹನಿಯ ಗುರುತು. ಮಳೆಗಾಲದಲ್ಲಿ ಅದನ್ನು ಬಳಸಿ.

ಒಂದು ಹೈಗ್ರೋಮೀಟರ್ ತಂದುಕೊಳ್ಳಿ. ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಸಾಧನ ಅದು, ಕೆಲವು ನೂರು ರೂಪಾಯಿ ಅಷ್ಟೇ. ಬೆಡ್‌ರೂಮಿನಲ್ಲಿ ಶೇಕಡ 60ರ ಒಳಗೆ ಇರಬೇಕು, 50ರ ಹತ್ತಿರ ಬಂದರೆ ಇನ್ನೂ ಒಳ್ಳೆಯದು. ಅತ್ತೆಯ ರೂಮಿನಲ್ಲೂ ಕೆಲವು ದಿನ ಇಟ್ಟು ನೋಡಿ. ಅಲ್ಲಿ ಯಾವಾಗಲೂ 80 ದಾಟುತ್ತಿದ್ದರೆ, ಏರ್ ಪ್ಯೂರಿಫೈಯರ್‌ಗೆ ಹಾಕುವ ದುಡ್ಡನ್ನು ಡಿಹ್ಯುಮಿಡಿಫೈಯರ್‌ಗೆ, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರಕ್ಕೆ, ಹಾಕಿ. ಹೆಪಾ ಫಿಲ್ಟರ್‌ನ ಪ್ಯೂರಿಫೈಯರ್ ಗಾಳಿಯಲ್ಲಿರುವ ಕಣ ಹಿಡಿಯುತ್ತದೆ, ಗೋಡೆಯ ತೇವಕ್ಕೆ ಅದು ಏನೂ ಮಾಡುವುದಿಲ್ಲ.

ಬೆಳಿಗ್ಗೆ ಎಸಿ ನಿಲ್ಲಿಸುವ ಮೊದಲು ಇಪ್ಪತ್ತು ನಿಮಿಷ ಫ್ಯಾನ್ ಮೋಡ್‌ನಲ್ಲಿ ಓಡಿಸಿ, ಕಾಯಿಲ್ ಒಣಗಲಿ. ಹೊಸ ಎಸಿಗಳಲ್ಲಿ ಇದನ್ನು ತಾನಾಗಿಯೇ ಮಾಡುವ ಆಟೋ ಕ್ಲೀನ್ ಬಟನ್ ಇರುತ್ತದೆ. ಆಮೇಲೆ, ಮಳೆಗಾಲದಲ್ಲಿ, ಎಸಿ ಆಫ್ ಮಾಡಿದ ತಕ್ಷಣ ಕಿಟಕಿ ತೆರೆಯಬೇಡಿ. ನಾವೆಲ್ಲ ಎದ್ದ ಕೂಡಲೇ ಕಿಟಕಿ ತೆರೆದು ಗಾಳಿ ಬರಲಿ ಎನ್ನುತ್ತೇವೆ, ಒಳ್ಳೆಯ ಅಭ್ಯಾಸವೇ. ಆದರೆ ಇನ್ನೂ ತಣ್ಣಗಿರುವ ಗೋಡೆ, ಹಾಸಿಗೆ, ಕಪಾಟಿನ ಮೇಲೆ ಹೊರಗಿನ ಒದ್ದೆ ಗಾಳಿ ಬಂದು ಕೂತರೆ ಎಲ್ಲವೂ ತೇವವಾಗುತ್ತದೆ. ಫ್ಯಾನ್ ಹಾಕಿ ಒಂದು ಗಂಟೆ ಬಿಡಿ, ಗೋಡೆ ಬೆಚ್ಚಗಾಗಲಿ, ಆಮೇಲೆ ಕಿಟಕಿ ತೆರೆಯಿರಿ. ಡಿಸೆಂಬರ್, ಜನವರಿಯಲ್ಲಿ ಈ ಚಿಂತೆ ಬೇಡ. ಕಿಟಕಿಯನ್ನು ಇಡೀ ದಿನ ಮುಚ್ಚಿಡುವುದೂ ತಪ್ಪು. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ರೂಮಿನ ಗಾಳಿಯನ್ನೇ ತಿರುಗಿಸುತ್ತದೆ.

ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಪತ್ರದಲ್ಲಿ ಬರೆದಿಲ್ಲ. ಆದರೆ ಕರಾವಳಿಯ ಫ್ಲ್ಯಾಟ್‌ಗಳಲ್ಲಿ ರೂಮಿನೊಳಗೆ ಫ್ಯಾನ್ ಕೆಳಗೆ ಹಗ್ಗ ಕಟ್ಟಿ ಒಣಗಿಸುವುದೇ ಹೆಚ್ಚು. ಒಂದು ಬಾರಿ ಮೆಶಿನ್‌ಗೆ ಹಾಕಿದಷ್ಟು ಬಟ್ಟೆಯಿಂದ ಒಂದೆರಡು ಲೀಟರ್ ನೀರು ನಿಮ್ಮ ಗಾಳಿಗೆ ಸೇರುತ್ತದೆ. ಅತ್ತೆಯ ರೂಮಿನಲ್ಲಂತೂ ಬೇಡ. ಬಾಲ್ಕನಿ ಇದ್ದರೆ ಅಲ್ಲಿ ಹಾಕಿ, ಇಲ್ಲದಿದ್ದರೆ ಒಂದೇ ಕಡೆ ಒಣಗಿಸಿ, ಬಾಗಿಲು ಮುಚ್ಚಿ ಎಕ್ಸಾಸ್ಟ್ ಹಾಕಿ.

ಗೋಡೆಯ ಬೂಷ್ಟನ್ನು ತೆಗೆಯುವುದು ಹೇಗೆ? ಮೂರಡಿಗೆ ಮೂರಡಿಯಷ್ಟು ಜಾಗದವರೆಗೆ ನೀವೇ ಮಾಡಬಹುದು. ಮಗುವನ್ನೂ ಅತ್ತೆಯನ್ನೂ ಹೊರಗೆ ಕಳಿಸಿ. ಎನ್95 ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಒಣ ಪೊರಕೆ, ಒಣ ಬ್ರಷ್ ಮುಟ್ಟಲೇಬೇಡಿ, ಕಣಗಳೆಲ್ಲ ಗಾಳಿಗೆ ಏಳುತ್ತವೆ. ಬಟ್ಟೆ ತೊಳೆಯುವ ಸೋಪಿನ ನೀರಿನಲ್ಲಿ ಒದ್ದೆ ಮಾಡಿ, ಒರೆಸಿ, ಆ ಬಟ್ಟೆಯನ್ನು ಕವರ್‌ನಲ್ಲಿ ಕಟ್ಟಿ ಬಿಸಾಡಿ. ಕೊನೆಗೆ ಗೋಡೆಯನ್ನು ಫ್ಯಾನ್ ಇಟ್ಟು ಪೂರ್ತಿ ಒಣಗಿಸಿ. ಬ್ಲೀಚ್ ಅಗತ್ಯ ಇಲ್ಲ. ಬಳಸಲೇಬೇಕು ಎನಿಸಿದರೂ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ, ಕ್ಲೋರಿನ್ ಅನಿಲ ಹುಟ್ಟುತ್ತದೆ. ಅಸ್ತಮಾ ಇರುವ ಮನೆಯಲ್ಲಿ ಅದು ಬೂಷ್ಟಿಗಿಂತ ದೊಡ್ಡ ಅಪಾಯ. ಬೂಷ್ಟಿನ ಮೇಲೆಯೇ ಪೇಂಟ್ ಹೊಡೆಸಿದರೆ ಕೆಲವೇ ದಿನಗಳಲ್ಲಿ ಮತ್ತೆ ಕಾಣಿಸುತ್ತದೆ. ಕಪಾಟನ್ನು ಗೋಡೆಯಿಂದ ನಾಲ್ಕಾರು ಇಂಚು ಈಚೆಗೆ ಎಳೆಯಿರಿ. ಅದರ ಹಿಂಬದಿಯ ಪ್ಲೈವುಡ್‌ನ ಒಳಗೆಲ್ಲ ಬೂಷ್ಟು ಇಳಿದಿದ್ದರೆ ಆ ಹಲಗೆ ಬದಲಿಸುವುದೇ ಸರಿ.

ನೀವು ಕೇಳಿದ ಸ್ಪ್ರೇ? ಯಾವುದೂ ಬೇಡ. ಎಸಿಗೆ ಹೊಡೆಯುವ ಸುವಾಸನೆಯ ಸ್ಪ್ರೇ ವಾಸನೆಯನ್ನು ಮುಚ್ಚುತ್ತದೆ, ಬೂಷ್ಟು ಅಲ್ಲೇ ಇರುತ್ತದೆ. ಮುಗ್ಗಲು ವಾಸನೆಗೆ ಸಾಂಬ್ರಾಣಿ, ಅಗರಬತ್ತಿ, ಕರ್ಪೂರ ಹಚ್ಚುವುದು ನಮ್ಮಲ್ಲಿ ರೂಢಿ. ದೇವರ ಮುಂದೆ ಒಂದು ಕಡ್ಡಿ ಹಚ್ಚುವುದಕ್ಕೆ ನನ್ನ ತಕರಾರಿಲ್ಲ, ಆದರೆ ಮುಚ್ಚಿದ ಬೆಡ್‌ರೂಮಿನಲ್ಲಿ ಹೊಗೆ ಬೇಡ. ಸೊಳ್ಳೆ ಕಾಯಿಲ್ ಕೂಡ ಬೇಡ, ಪರದೆ ಕಟ್ಟಿ. ಗಾಳಿಯಲ್ಲಿ ಎಷ್ಟು ಬೂಷ್ಟು ಇದೆ ಎಂದು ಟೆಸ್ಟ್ ಮಾಡುತ್ತೇವೆ ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ಕಣ್ಣಿಗೆ ಕಾಣುತ್ತಿದೆ, ಮೂಗಿಗೆ ಹೊಡೆಯುತ್ತಿದೆ, ಇನ್ನೇನು ಟೆಸ್ಟ್?

ಇನ್ನು ಮಗನ ವಿಷಯ. ಕೆಮ್ಮಿಗೆ ಬೂಷ್ಟೊಂದೇ ಕಾರಣ ಎಂದು ನಾನು ಇಲ್ಲಿಂದ ಹೇಳಲಾರೆ. ಹಾಸಿಗೆ, ದಿಂಬಿನಲ್ಲಿರುವ ಕಣ್ಣಿಗೆ ಕಾಣದ ಧೂಳು ಹುಳಗಳಿಗೂ ಇದೇ ತೇವ ಬೇಕು. ಎಷ್ಟೋ ಮಕ್ಕಳ ಅಲರ್ಜಿಗೆ ಅವೇ ಮುಖ್ಯ ಕಾರಣ. ತೇವ ಇಳಿಸಿದರೆ ಎರಡೂ ಕಡಿಮೆಯಾಗುತ್ತವೆ. 18 ಡಿಗ್ರಿಯ ಗಾಳಿ ನೇರವಾಗಿ ಮುಖಕ್ಕೆ ಬೀಸಿದರೂ ಸೂಕ್ಷ್ಮ ಶ್ವಾಸನಾಳ ಬಿಗಿಯುತ್ತದೆ. ಒಂದು ಸಣ್ಣ ಟಿಪ್ಪಣಿ ಇಡಿ. ಕೆಮ್ಮು ರಾತ್ರಿ, ಬೆಳಗಿನ ಜಾವ ಜಾಸ್ತಿಯಾ? ಅಜ್ಜಿ ಮನೆಗೆ ಹೋಗಿ ಕೆಲವು ದಿನ ಇದ್ದಾಗ ಕಡಿಮೆಯಾಗುತ್ತದಾ? ಆಟವಾಡಿದಾಗ, ಜೋರಾಗಿ ನಕ್ಕಾಗ ಕೆಮ್ಮುತ್ತಾನಾ? ಎದೆಯಲ್ಲಿ ಸಿಳ್ಳೆಯಂಥ ಸದ್ದು ಬರುತ್ತದಾ? ಇದನ್ನು ಮಕ್ಕಳ ಡಾಕ್ಟರಿಗೆ ತೋರಿಸಿ. ಬರೀ ಕೆಮ್ಮಿನ ಸಿರಪ್, ಮತ್ತೆ ಮತ್ತೆ ಆಂಟಿಬಯಾಟಿಕ್ ಕೊಡಿಸುತ್ತಾ ಕೂರಬೇಡಿ. ಅಸ್ತಮಾ ಎಂದು ಗೊತ್ತಾಗಿ ಇನ್ಹೇಲರ್ ಬರೆದರೆ ಹೆದರಬೇಡಿ. ಅದು ಚಟ ಹಿಡಿಸುವುದಿಲ್ಲ. ಔಷಧ ಬೇಕಾದ ಜಾಗಕ್ಕೆ ನೇರ ಹೋಗುವುದರಿಂದ ಸಿರಪ್, ಮಾತ್ರೆಗಿಂತ ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ. ಗೋಡೆಯಲ್ಲಿ ಬೂಷ್ಟಿದೆ ಅಂತ ಯಾರಾದರೂ ಫಂಗಸ್ ಮಾತ್ರೆ ನುಂಗಿಸಲು ಹೇಳಿದರೆ ಒಪ್ಪಬೇಡಿ.

ಅತ್ತೆಯ ಬಗ್ಗೆ ನನಗೆ ಹೆಚ್ಚು ಕಾಳಜಿ. ಅಸ್ತಮಾ ಇರುವ ಕೆಲವರಲ್ಲಿ ಆಸ್ಪರ್ಜಿಲಸ್‌ಗೆ ಶ್ವಾಸನಾಳವೇ ವಿಪರೀತವಾಗಿ ಪ್ರತಿಕ್ರಿಯಿಸುತ್ತದೆ. ಎಬಿಪಿಎ ಎನ್ನುತ್ತೇವೆ. ಇನ್ಹೇಲರ್ ಸರಿಯಾಗಿ ತೆಗೆದುಕೊಂಡರೂ ಹತೋಟಿಗೆ ಬಾರದ ಅಸ್ತಮಾ, ಕಂದು ಬಣ್ಣದ ಗಟ್ಟಿ ಕಫದ ತುಂಡುಗಳು ಅದರ ಗುರುತು. ಗೊತ್ತಾಗದೆ ಹೋದರೆ ಶ್ವಾಸನಾಳ ಶಾಶ್ವತವಾಗಿ ಹಿಗ್ಗಿ ಹಾಳಾಗುತ್ತದೆ. ರಕ್ತದಲ್ಲಿ ಒಟ್ಟು ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ಮತ್ತು ಆಸ್ಪರ್ಜಿಲಸ್ ಐಜಿಇ ನೋಡಿದರೆ ಸುಳಿವು ಸಿಗುತ್ತದೆ. ಅವರನ್ನು ಈ ವಾರವೇ ಶ್ವಾಸಕೋಶ ತಜ್ಞರಿಗೆ ತೋರಿಸಿ, ಮನೆಯ ಬೂಷ್ಟಿನ ಫೋಟೋವನ್ನೂ ಒಯ್ಯಿರಿ. ಗೋಡೆ ಒಣಗುವವರೆಗೆ ಅವರ ಹಾಸಿಗೆಯನ್ನು ಬೇರೆ ಕಡೆ ಹಾಕಿ.

ಇನ್ನೊಂದು ಕಾಯಿಲೆಯನ್ನು ಹೇಳಲೇಬೇಕು. ಅದನ್ನು ನಮ್ಮಲ್ಲಿ ತಡವಾಗಿ ಗುರುತಿಸುತ್ತಾರೆ. ಬೂಷ್ಟು, ಪಾರಿವಾಳದ ಹಿಕ್ಕೆಯಂಥವುಗಳ ಕಣವನ್ನು ದಿನವೂ ಉಸಿರಾಡಿದಾಗ ಕೆಲವರ ಶ್ವಾಸಕೋಶದ ಒಳಪದರವೇ ಊದಿಕೊಂಡು, ಬರುಬರುತ್ತಾ ಗಟ್ಟಿಯಾಗುತ್ತದೆ. ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎಂದು ಹೆಸರು. ಭಾರತದ 27 ಆಸ್ಪತ್ರೆಗಳಲ್ಲಿ ಶ್ವಾಸಕೋಶ ಗಟ್ಟಿಯಾಗುವ ಬಗೆಯ ಕಾಯಿಲೆಗಳಿದ್ದ 1,084 ಜನರ ವಿವರ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡ 47ರಷ್ಟು ಜನರಿಗೆ ಇದ್ದದ್ದು ಇದೇ. ಆ ಗುಂಪಿನ ಸುಮಾರು ಅರ್ಧ ಜನ ಏರ್ ಕೂಲರ್ ಬಳಸುತ್ತಿದ್ದವರು. ಕೂಲರ್‌ನ ನೀರಿನ ತೊಟ್ಟಿ, ಹುಲ್ಲಿನ ಪ್ಯಾಡ್ ಸದಾ ಒದ್ದೆ. ಎಸಿ ಅಷ್ಟು ಕೆಟ್ಟದ್ದಲ್ಲ, ಆದರೆ ಕೊಳೆತ ಟ್ರೇ, ಕಪ್ಪು ಬ್ಲೋವರ್ ಇರುವ ಎಸಿಯೂ ಅದೇ ದಾರಿ. ಮೆಟ್ಟಿಲು ಹತ್ತುವಾಗ ತಿಂಗಳಿಂದ ತಿಂಗಳಿಗೆ ಏದುಸಿರು ಜಾಸ್ತಿಯಾಗುವುದು, ನಿಲ್ಲದ ಒಣ ಕೆಮ್ಮು, ಆಗಾಗ ಚಳಿ ಜ್ವರ, ತೂಕ ಇಳಿಯುವುದು ಇದ್ದರೆ ವಯಸ್ಸಾಯಿತು ಅಂತ ಬಿಡಬೇಡಿ. ಎದೆಯ ಸಿಟಿ ಸ್ಕ್ಯಾನ್ ಬೇಕಾಗಬಹುದು. ಮನೆಯಲ್ಲಿ ಯಾರಾದರೂ ಕಿಮೊಥೆರಪಿಯಲ್ಲಿದ್ದರೆ, ಕಿಡ್ನಿ ಕಸಿ ಆಗಿದ್ದರೆ, ಅವರು ಬೂಷ್ಟು ತೊಳೆಯುವ ಕೆಲಸಕ್ಕೆ ಕೈ ಹಾಕಲೇಬಾರದು.

ನಿಮ್ಮ ಊರಿನ ಎಷ್ಟೋ ಮನೆಗಳವರು ದುಬೈ, ದೋಹಾದಲ್ಲಿ ಇದ್ದಾರೆ. ಅವರಿಗೂ ಒಂದು ಮಾತು. ಬೇಸಿಗೆ ರಜೆಗೆ ಊರಿಗೆ ಬರುವಾಗ ಅಲ್ಲಿನ ಎಸಿ ಪೂರ್ತಿ ಆಫ್ ಮಾಡಿ ಬಂದರೆ, ವಾಪಸ್ ಹೋಗುವಾಗ ಸೋಫಾ, ಬ್ಯಾಗು, ಚಪ್ಪಲಿ ಎಲ್ಲ ಬೂಷ್ಟು ಹಿಡಿದಿರುತ್ತದೆ. 26ಕ್ಕೋ 27ಕ್ಕೋ ಇಟ್ಟು ಬನ್ನಿ.

ಎಸಿ ತೆಗೆಸಬೇಕಾ ಎಂದು ಕೇಳಿದ್ದೀರಿ. ಬೇಡ. ಸ್ವಚ್ಛವಾಗಿದ್ದು, ಸರಿಯಾದ ಡಿಗ್ರಿಯಲ್ಲಿ ಓಡಿದರೆ ಮಳೆಗಾಲದಲ್ಲಿ ನಿಮ್ಮ ರೂಮನ್ನು ಒಣಗಿಸುವುದು ಅದೇ. ಬ್ಲೋವರ್ ತೊಳೆದು ಮುಗಿಯುವವರೆಗೆ ಮಾತ್ರ ಆನ್ ಮಾಡಬೇಡಿ. ಗೋಡೆ ಒಣಗಿ, ವಾಸನೆ ಹೋದ ಮೇಲೂ ಮಗ ಮತ್ತು ಅತ್ತೆಯ ಔಷಧವನ್ನು ನೀವೇ ನಿಲ್ಲಿಸಬೇಡಿ. ಎಷ್ಟು ಇಳಿಸಬೇಕು, ಯಾವಾಗ ಇಳಿಸಬೇಕು ಎಂದು ಅವರನ್ನು ನೋಡುತ್ತಿರುವ ಡಾಕ್ಟರನ್ನೇ ಕೇಳಿ. ಮಾತನಾಡಲೂ ಆಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಮಗುವಿನ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.